ಊರಿಗೆ ಬಂದವಳು ನೀರಿಗೆ ಬಾರದಿರುವಳೇ?

ನಮ್ಮ ಹಿರಿಯರ ಗಾದೆಯೊಂದನ್ನು ಈ ಬರಹದ ತಲೆಯ ಮೇಲೆ ಇಟ್ಟಿದ್ದೇನೆ. ಊರಿಗೆ ಹೊಸದಾಗಿ ಬಂದವಳು ಇಂದಲ್ಲ ನಾಳೆ ನೀರು ತರಲು ಕೆರೆಗೋ ಬಾವಿಗೋ ಬಂದೇ ಬರುತ್ತಾಳೆ, ಆಗ ನೋಡಿದರಾಯಿತು, ಅವಸರವೇಕೆ ಎಂಬುದು ಇದರ ಸಾಮಾನ್ಯ ಅರ್ಥ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯಲು ಮಕ್ಕಳಿಗೆ ಕೊಟ್ಟಿದ್ದೇನೆ. ಆದರೆ ಅದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ನನಗೆ ಹೊಳೆದದ್ದು ನಿವೃತ್ತನಾದ ಎರಡು ವರ್ಷಗಳ ಮೇಲೆ, 2005ರಲ್ಲಿ.

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ನಮ್ಮದೊಂದು ಸಾಧಾರಣ ಮನೆ. ಮೇಲೆ ಒಂದು ಕೋಣೆ, ಅಡಿಗೆಗೊಂದು ಮೂಲೆ, ಮುಂದೆ ತೆರೆದ ತಾರಸಿ. ಮಗಳ ಮದುವೆಯಾದ ಮೇಲೆ ಅದು ಖಾಲಿ ಬಿದ್ದಿತ್ತು. ಲಕ್ಷ್ಮೀಪುರದಲ್ಲಿ 1948ರಿಂದ ನಡೆದುಕೊಂಡು ಬಂದಿದ್ದ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ 2002ರಲ್ಲಿ ನಮ್ಮ ಬಡಾವಣೆಗೆ ಬಂದಿತಷ್ಟೆ. ಅಲ್ಲಿಂದ ಮುಂದೆ ಗೋಕುಲಂನ ಚಹರೆಯೇ ಬದಲಾಯಿತು. ಬೆಳಗಿನ ಜಾವ ನಾವು ಹಾಲಿಗೆ ಹೋಗುವ ಹೊತ್ತಿಗೆ ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿದ ಪರದೇಶದವರು ಎದುರಾಗುತ್ತಿದ್ದರು. ಎಳನೀರಿನ ಗಾಡಿಯವನು ಇಂಗ್ಲಿಷಿನಲ್ಲಿ ಲೆಕ್ಕ ಹೇಳತೊಡಗಿದ. ಬೀದಿಯ ಎರಡು ಮನೆಗೊಂದರಂತೆ ‘ಕೋಣೆ ಬಾಡಿಗೆಗಿದೆ’ ಎಂಬ ಫಲಕ ನೇತಾಡಿತು. ನಾವೂ ಅದೇ ದಾರಿ ಹಿಡಿದೆವು.

ಹಾಗೆ ಬಂದವಳು ಪೋರ್ಚುಗಲ್ ದೇಶದ ಕಡಲ ತೀರದ ಊರೊಂದರ ಹುಡುಗಿ. ಇಪ್ಪತ್ತೆಂಟರ ಪ್ರಾಯವಿರಬಹುದು. ಬಂದ ವಾರದಲ್ಲಿಯೇ ನನ್ನ ಪತ್ನಿಯನ್ನು ‘ಅಮ್ಮ’ ಎಂದೂ ನನ್ನನ್ನು ‘ಮೇಷ್ಟ್ರೇ’ ಎಂದೂ ಕರೆಯಲು ಕಲಿತಳು. ಪತ್ನಿಗೆ ಆಕೆ ‘ಮಗು’ವಾದಳು. ಇಲ್ಲಿ ಆಕೆಯ ಹೆಸರನ್ನು ಬರೆಯುವುದು ಉಚಿತವಲ್ಲ. ಮಗು ಎಂದೇ ಕರೆಯುತ್ತೇನೆ.

ಪರದೇಶದವರಿಗೆ ಮನೆ ಕೊಟ್ಟವನು ಅವರು ಬಂದ 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಬೇಕೆಂಬುದು ಕಾನೂನು. ಆಗ ಅದನ್ನು ‘ಸಿ ಫಾರಂ’ ಎನ್ನುತ್ತಿದ್ದೆವು. ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್ ಲಗತ್ತಿಸಿ, ಸರದಿಯಲ್ಲಿ ನಿಂತು ಕೊಟ್ಟು ಬಂದೆ. ಈಗ ಆ ಕೆಲಸ ಕಂಪ್ಯೂಟರಿನಲ್ಲಿ ಆಗುತ್ತದೆ. ಬಾಡಿಗೆದಾರನ ಮೇಲಿನ ಸಂಶಯದಿಂದ ಈ ನಿಯಮ ಮಾಡಿದ್ದಾರೆಂದು ನಮ್ಮ ಬೀದಿಯ ಕೆಲವರು ಗೊಣಗುತ್ತಿದ್ದರು. ನನಗೆ ಹಾಗೆನ್ನಿಸಲಿಲ್ಲ. ದೂರದ ಊರಿನಲ್ಲಿ ಒಬ್ಬರಿಗೆ ಏನಾದರೂ ಆದರೆ, ಅವರು ಇಂಥ ಮನೆಯಲ್ಲಿ ಇದ್ದರೆಂಬುದಕ್ಕೆ ಎಲ್ಲಿಯಾದರೂ ಒಂದು ಸಾಲಿನ ದಾಖಲೆ ಬೇಡವೇ?

ಫಾರಂ ಕೊಟ್ಟು ಬಂದ ಸಂಜೆ, ಮೇಷ್ಟರ ಹಳೆಯ ಚಟದಂತೆ, ಆಕೆಯನ್ನು ಕೂಡಿಸಿಕೊಂಡು ಪಾಠ ಆರಂಭಿಸಿದೆ. ಅಂದು ಹೇಳಿದ್ದನ್ನು ಇಂದಿನ ಓದುಗರ ಅನುಕೂಲಕ್ಕಾಗಿ ಸ್ವಲ್ಪ ಪರಿಷ್ಕರಿಸಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಆಟೋ. ಮೀಟರ್ ಹಾಕಿಸು, ಇಲ್ಲವೇ ಹತ್ತುವ ಮೊದಲೇ ಹಣ ಗೊತ್ತುಮಾಡಿಕೋ. ‘ಈ ದಿನ ಅರಮನೆ ಮುಚ್ಚಿದೆ, ಬೇರೆ ಒಳ್ಳೆಯ ಜಾಗ ತೋರಿಸುತ್ತೇನೆ’ ಎಂದು ಯಾರಾದರೂ ಹೇಳಿದರೆ ನಂಬಬೇಡ. 1897ರಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಬರೆದು, 1912ರಲ್ಲಿ ಮುಗಿದ ಆ ಕಟ್ಟಡ ಸಾಮಾನ್ಯವಾಗಿ ವಾರದ ಏಳು ದಿನವೂ ನೋಡುಗರಿಗೆ ತೆರೆದಿರುತ್ತದೆ. ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿಯೇ ಹೋಗಿ ಕೇಳಬೇಕು.

ಎರಡನೆಯದು ದೇವರಾಜ ಮಾರುಕಟ್ಟೆ. ಅಲ್ಲಿ ಹೂವಿನ ಸಾಲು, ಕುಂಕುಮದ ಗುಡ್ಡೆ, ಬಾಳೆಯ ಗೊನೆ ನೋಡುತ್ತ ನಿಂತವರ ಬಳಿಗೆ ನಗುಮೊಗದ ಯುವಕನೊಬ್ಬ ಬರುತ್ತಾನೆ. ಯಾವ ದೇಶ ಎಂದು ಕೇಳುತ್ತಾನೆ. ಊದುಬತ್ತಿ ಹೊಸೆಯುವುದನ್ನು ತೋರಿಸುತ್ತೇನೆ, ಹಣವೇನೂ ಬೇಡ ಎನ್ನುತ್ತಾನೆ. ಒಂದೆರಡು ಓಣಿ ದಾಟಿದ ಮೇಲೆ ಒಂದು ಕೋಣೆ, ಚಹಾ, ಸೀಸೆಗಳ ಸಾಲು, ಶ್ರೀಗಂಧದ ಎಣ್ಣೆಯೆಂಬ ಹೆಸರು. ಅಪ್ಪಟ ಗಂಧದೆಣ್ಣೆ ಹನಿಗಳ ಲೆಕ್ಕದಲ್ಲಿ ಬೆಲೆ ಬಾಳುವ ವಸ್ತು. ಅದನ್ನು ಕೊಳ್ಳಬೇಕೆಂದರೆ ಮೈಸೂರಿನಲ್ಲಿ 1916ರಲ್ಲಿ ಆರಂಭವಾದ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಯ ಮಳಿಗೆಯಿದೆ. ರೇಷ್ಮೆಗೆ 1912ರ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯಿದೆ.

ಮೂರನೆಯದು ರಸ್ತೆ. ನಿಮ್ಮ ದೇಶದಲ್ಲಿ ವಾಹನಗಳು ಬಲಕ್ಕೆ ಓಡುತ್ತವೆ, ನಮ್ಮಲ್ಲಿ ಎಡಕ್ಕೆ. ದಾಟುವಾಗ ಅಭ್ಯಾಸಬಲದಿಂದ ತಪ್ಪು ದಿಕ್ಕಿಗೆ ನೋಡಿದರೆ ಜೀವಕ್ಕೇ ಅಪಾಯ. ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಮಾತ್ರ ಅದು ಬಾಡಿಗೆಗೆ ಕೊಡಲು ಅನುಮತಿ ಪಡೆದ ವಾಹನ. ಬಿಳಿ ಫಲಕದ್ದಾದರೆ ಅಪಘಾತವಾದಾಗ ವಿಮೆಯ ತಕರಾರು ಬರುತ್ತದೆ. ತಲೆಗೆ ಹೆಲ್ಮೆಟ್ ತಪ್ಪಬಾರದು. 2016ರಿಂದ ಕರ್ನಾಟಕದಲ್ಲಿ ಹಿಂಬದಿ ಕುಳಿತವರಿಗೂ ಅದು ಕಡ್ಡಾಯ.

ನಾಲ್ಕನೆಯದು ಬೀದಿನಾಯಿ. ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ‘ಸಣ್ಣ ಗಾಯ, ನಾಳೆ ನೋಡೋಣ’ ಎಂಬ ಮಾತು ಇಲ್ಲಿ ಸಲ್ಲದು.

ಇಷ್ಟಲ್ಲದೆ ಪಾಸ್‌ಪೋರ್ಟಿನ ಪ್ರತಿ ಬೇರೆ ಕಡೆ ಇಡು, ಎಲ್ಲ ಹಣವನ್ನೂ ಒಂದೇ ಚೀಲದಲ್ಲಿ ಒಯ್ಯಬೇಡ, ಚೀಲವನ್ನು ರಸ್ತೆಯ ಕಡೆಯ ಹೆಗಲಿಗೆ ಹಾಕಬೇಡ, ಕತ್ತಲಾದ ಮೇಲೆ ನಿರ್ಜನವಾದ ದಾರಿ ಹಿಡಿಯಬೇಡ ಎಂದು ‘ಬೇಡ’ಗಳ ದೊಡ್ಡ ಪಟ್ಟಿಯನ್ನೇ ಒಪ್ಪಿಸಿದೆ. ಮಗು ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡಿತು. ನನಗೆ ಬಹಳ ತೃಪ್ತಿಯಾಯಿತು. ಕೊನೆಯಲ್ಲಿ ಆಕೆ, “ಮೇಷ್ಟ್ರೇ, ನಿಮ್ಮ ಊರಿನಲ್ಲಿ ಇಷ್ಟೊಂದು ಕೆಟ್ಟವರು ಇದ್ದಾರೆಯೇ?” ಎಂದು ಕೇಳಿದಳು. ನಾನು ನಕ್ಕು ಸುಮ್ಮನಾದೆ.

ಎರಡು ತಿಂಗಳು ಸುಖವಾಗಿ ಕಳೆದವು. ಮಾರುಕಟ್ಟೆಯ ನಗುಮೊಗದ ಯುವಕ ಆಕೆಗೂ ಸಿಕ್ಕಿದ್ದನಂತೆ; “ನನ್ನ ಮೇಷ್ಟ್ರು ನಿನ್ನ ವಿಷಯ ಹೇಳಿದ್ದಾರೆ” ಎಂದಾಗ ಅವನೂ ನಕ್ಕು ದಾರಿ ಬಿಟ್ಟನಂತೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳವು. ಒಂದು ದಿನ ತಿಂಡಿಯ ಹೊತ್ತಿಗೆ ಕೆಳಗಿಳಿದು ಬಂದ ಮಗು, “ನಾಳೆ ಯೋಗಶಾಲೆಗೆ ರಜೆ. ಗೆಳತಿಯರೊಂದಿಗೆ ಬಲಮುರಿಗೆ ಹೋಗುತ್ತೇನೆ. ನೀರಿನಲ್ಲಿ ಆಡಬಹುದಂತೆ” ಎಂದಳು. ನಾನು ಪತ್ರಿಕೆಯಿಂದ ತಲೆಯೆತ್ತಿ, “ಹೋಗಿ ಬಾ. ಆಟೋಗೆ ಹೋಗಿ ಬರುವುದಕ್ಕೆ ಇಷ್ಟು ಎಂದು ಮೊದಲೇ ಮಾತಾಡಿಕೋ” ಎಂದೆ. ಅಷ್ಟೇ ಹೇಳಿದ್ದು.

ಇಲ್ಲಿ ನಾನು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗಿದೆ.

ನಾನು ಹುಟ್ಟಿದ್ದು ಗುಂಡ್ಲುಪೇಟೆಯ ಕಡೆಯ ಹಳ್ಳಿಯಲ್ಲಿ. ಆಗ ಅದೂ ಮೈಸೂರು ಜಿಲ್ಲೆಯೇ. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. 1962ರಲ್ಲಿ ಪಿ.ಯು.ಸಿ. ಓದಲು ಮೈಸೂರಿಗೆ ಬಂದಾಗ ಜೊತೆಯಲ್ಲಿ ಪಕ್ಕದ ಊರಿನ ಗೆಳೆಯನೊಬ್ಬ ಇದ್ದ. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೊಠಡಿ. ಬಸ್ಸು ಹತ್ತಿಸಲು ಬಂದಿದ್ದ ನನ್ನ ಸೋದರಮಾವ ನಮಗೂ ಒಂದು ‘ಬೇಡ’ಗಳ ಪಟ್ಟಿ ಕೊಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಜೇಬುಗಳ್ಳರು ಇರುತ್ತಾರೆ, ದುಡ್ಡನ್ನು ಚಡ್ಡಿಯ ಒಳಜೇಬಿನಲ್ಲಿ ಇಡಿ. ಸಿನಿಮಾ ಚಟ ಹತ್ತಿಸಿಕೊಳ್ಳಬೇಡಿ. ದಸರಾ ಜನಜಂಗುಳಿಯಲ್ಲಿ ಕೈ ಬಿಡಬೇಡಿ. ಗೊತ್ತಿಲ್ಲದವರು ಕೊಟ್ಟದ್ದನ್ನು ತಿನ್ನಬೇಡಿ. ಪಾಪ, ಅವರಿಗೆ ಗೊತ್ತಿದ್ದ ಭಯಗಳನ್ನೆಲ್ಲ ಹೇಳಿದರು. ನಮ್ಮದು ಮಳೆ ನಂಬಿದ ಒಣ ಸೀಮೆ. ಹೊಳೆಯ ಭಯ ಅವರಿಗೆ ಗೊತ್ತಿರಲಿಲ್ಲ.

ನನ್ನ ಗೆಳೆಯ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು. ಕಟ್ಟೆಯ ಮೇಲಿಂದ ತಲೆ ಕೆಳಗಾಗಿ ಧುಮುಕಿ, ತಳದ ಮಣ್ಣು ತಂದು ತೋರಿಸುವಷ್ಟು ಗಟ್ಟಿಗ. 1964ರ ಒಂದು ಭಾನುವಾರ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ ತೆಗೆದುಕೊಂಡು ನಾಲ್ವರು ಬಲಮುರಿಗೆ ಹೋದೆವು. ಅವನು ಬಾವಿಗೆ ಬೀಳುವಂತೆಯೇ ಹೊಳೆಗೂ ಬಿದ್ದ. ಬಾವಿಯ ನೀರು ನಿಂತ ನೀರು, ಹೊಳೆಯದು ಹಾಗಲ್ಲ. ಅವನನ್ನು ಮೇಲಕ್ಕೆ ತಂದಾಗ ಸಂಜೆಯಾಗಿತ್ತು. ಅವನ ಸೈಕಲ್ಲನ್ನು ಅಂಗಡಿಗೆ ಹಿಂತಿರುಗಿಸಿದವನು ನಾನು. ಅಂಗಡಿಯವನು ಎಷ್ಟು ಗಂಟೆಯಾಯಿತೆಂದು ಲೆಕ್ಕ ಹಾಕಿ, ವಿಷಯ ತಿಳಿದ ಮೇಲೆ ಹಣ ಬೇಡವೆಂದ. ಆ ಮಾತನ್ನು ನಾನು ಬಹಳ ವರ್ಷ ಯಾರ ಬಳಿಯೂ ಆಡಿದವನಲ್ಲ. ಪತ್ನಿಗೂ ಅರ್ಧ ಮಾತ್ರ ಗೊತ್ತಿತ್ತು.

ಇಂಥ ನಾನು, ಅದೇ ಬಲಮುರಿಯ ಹೆಸರು ಕಿವಿಗೆ ಬಿದ್ದಾಗ, ಆಟೋ ದರದ ಬಗ್ಗೆ ಉಪದೇಶ ಮಾಡಿ ಮತ್ತೆ ಪತ್ರಿಕೆಯೊಳಗೆ ಮುಖ ಹುದುಗಿಸಿದೆ. ಮರೆತಿದ್ದೆನೇ? ಇಲ್ಲ. ನೆನಪಿತ್ತು, ಆದ್ದರಿಂದಲೇ ಆ ಮಾತನ್ನು ಎತ್ತಲು ಮನಸ್ಸಾಗಲಿಲ್ಲ. ಆಕೆ ಕಡಲ ಊರಿನವಳು, ಈಜು ಬಲ್ಲವಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೆಳೆಯನ ವಿಷಯದಲ್ಲಿಯೂ ನಾವು ಹಾಗೆಯೇ ಅಂದುಕೊಂಡಿದ್ದೆವಲ್ಲ.

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಆಟೋ ಬಂದು ನಿಂತಿತು. ಮಗು ಗೆಳತಿಯ ಹೆಗಲು ಹಿಡಿದು ಇಳಿದಳು. ಮೊಣಕೈ ಮೊಣಕಾಲು ತರಚಿ ರಕ್ತ ಹೆಪ್ಪುಗಟ್ಟಿತ್ತು. ಮುಖದಲ್ಲಿ ಬಣ್ಣವಿರಲಿಲ್ಲ. ನನ್ನ ಪತ್ನಿ ಏನೂ ಕೇಳದೆ ಒಳಗೆ ಕರೆದೊಯ್ದು ಬಿಸಿನೀರು ಕಾಯಿಸಿದಳು. ಗೆಳತಿ ಹೇಳಿದ ಸಂಗತಿ ಇಷ್ಟು. ಮೊಣಕಾಲುದ್ದದ ನೀರಿನಲ್ಲಿ ಎಲ್ಲರೂ ನಡೆಯುತ್ತಿದ್ದರು. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ಜಾರಿತು. ಬಿದ್ದಲ್ಲಿ ತಳವಿರಲಿಲ್ಲ. ಎರಡು ಸಲ ಮೇಲೆ ಬಂದಳು, ಮೂರನೆಯ ಸಲ ಬರಲಿಲ್ಲ. ದಡದಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ ಹಿರಿಯನೊಬ್ಬ ಹಗ್ಗ ಹಿಡಿದು ಇಳಿದು ಕೂದಲು ಹಿಡಿದು ಎಳೆದ.

ಆ ರಾತ್ರಿ ಪತ್ನಿ ನನ್ನನ್ನು ಕೇಳಿದಳು: “ರೀ, ಬಲಮುರಿ ಅಂದಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?” ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ದಿನದ ನಂತರ ಮೂವರೂ ಹೊರಟು ಆ ಹಿರಿಯರನ್ನು ಹುಡುಕಿಕೊಂಡು ಹೋದೆವು. ಪತ್ನಿ ಒಂದು ಪಂಚೆ, ಟವೆಲ್, ಹಣ್ಣು ತಟ್ಟೆಯಲ್ಲಿಟ್ಟು ಕೊಟ್ಟಳು. ಮಗು ಅವರ ಕಾಲಿಗೆ ನಮಸ್ಕರಿಸಿದಳು. ಅವರು ಸಂಕೋಚದಿಂದ ಹಿಂದೆ ಸರಿದು, ನನ್ನ ಕಡೆ ತಿರುಗಿ ಕೇಳಿದರು: “ಅಲ್ಲ ಸೋಮಿ, ಆ ಯಮ್ಮಂಗೆ ಏನ್ ಗೊತ್ತಾಯ್ತದೆ? ಮನೇಲಿ ಮಡೀಕಂಡಿರೋರು ನೀವು ಒಂದ್ ಮಾತು ಯೋಳ್‌ಬ್ಯಾಡ್ವಾ?”

ನನ್ನ ವೃತ್ತಿಜೀವನದಲ್ಲಿ ಇನ್ಸ್‌ಪೆಕ್ಟರುಗಳು ಎಷ್ಟೋ ಸಲ ಛೀಮಾರಿ ಹಾಕಿದ್ದಾರೆ. ಯಾವುದೂ ಇಷ್ಟು ನಾಟಿರಲಿಲ್ಲ.

ಆಮೇಲೆ ಅವರೇ ನಮ್ಮನ್ನು ದಡದ ಮೇಲೆ ನಡೆಸಿಕೊಂಡು ಹೋಗಿ ಹೊಳೆಯನ್ನು ಓದಿಸಿದರು. ಶ್ರೀರಂಗಪಟ್ಟಣ ತಾಲ್ಲೂಕಿನ ಈ ಬಲಮುರಿ ಮತ್ತು ಪಕ್ಕದ ಎಡಮುರಿ ಕನ್ನಂಬಾಡಿ ಕಟ್ಟೆಯ ಕೆಳಗಿವೆ. ಬಲಮುರಿಯಲ್ಲಿ ಕಾವೇರಿಗೆ ಅಡ್ಡಲಾಗಿ ತಗ್ಗಿನ ಕಲ್ಲುಕಟ್ಟೆಯೊಂದಿದೆ. ಅದರ ಮೇಲಿಂದ ನೀರು ತೆಳ್ಳನೆಯ ಪರದೆಯಂತೆ ಇಳಿಯುತ್ತದೆ. ಸಿನಿಮಾದವರಿಗೂ ಪ್ರವಾಸಿಗಳಿಗೂ ಪ್ರಿಯವಾದ ನೋಟ. ಆದರೆ ಹಾಗೆ ಧುಮುಕುವ ನೀರು ಬುಡದಲ್ಲಿ ತಿರುಗಿ ಕಟ್ಟೆಯ ಕಡೆಗೇ ಮರಳಿ ಉರುಳುತ್ತದೆ. ಸಿಕ್ಕಿಕೊಂಡವನು ಮುಂದಕ್ಕೆ ಈಜಿದಷ್ಟೂ ಅದು ಹಿಂದಕ್ಕೆ ಎಳೆಯುತ್ತದೆ. ಹೊಳೆಯ ತಳ ಸಮವಲ್ಲ. ಮೊಣಕಾಲುದ್ದದ ಪಕ್ಕದಲ್ಲಿಯೇ ಆಳೆತ್ತರದ ಮಡು ಇರುತ್ತದೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 124.80 ಅಡಿಯ ಕಟ್ಟೆ ತುಂಬಿದ ಸುದ್ದಿ ನಮಗೆ ಸಂಭ್ರಮ. ಕೆಳಗೆ ಆಡುವವರಿಗೆ ಅದೇ ಎಚ್ಚರಿಕೆ. ಸ್ಥಳೀಯರು ಇದನ್ನೆಲ್ಲ ಬಲ್ಲರು. ಅಲ್ಲಿ ಇಂದಿಗೂ ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಬಹುಪಾಲು ಹೊರಗಿನಿಂದ ಬಂದ ಹುಡುಗರು, ವಿದ್ಯಾರ್ಥಿಗಳು. ಕಡಲಿನಲ್ಲಿ ಈಜುವುದು, ಬಾವಿಯಲ್ಲಿ ಈಜುವುದು, ಈಜುಕೊಳದಲ್ಲಿ ಈಜುವುದು ಯಾವುದೂ ಆ ಹೊಳೆಗೆ ಸಾಲದು.

ಅಂದಿನಿಂದ ಒಂದು ವಿಚಾರ ನನ್ನನ್ನು ಕಾಡುತ್ತಿದೆ. ಅತಿಥಿಗಳಿಗೆ ನಾವು ಹೇಳುವ ಎಚ್ಚರಿಕೆಗಳೆಲ್ಲ ಯಾರಿಂದ ಮೋಸಹೋಗಬಾರದು ಎಂಬುದರ ಸುತ್ತಲೇ ಸುತ್ತುತ್ತವೆ. ಎಣ್ಣೆಯ ಸೀಸೆಗೆ ಹೆಚ್ಚು ಹಣ ತೆತ್ತರೆ ಹೋಗುವುದು ಹಣ. ರಸ್ತೆ, ನೀರು, ನಾಯಿಕಡಿತ, ಇವು ಜೀವವನ್ನೇ ಕೇಳುತ್ತವೆ. ಆದರೂ ನಮ್ಮ ಉಪದೇಶದಲ್ಲಿ ಕಳ್ಳನಿಗೆ ಮೊದಲ ಸ್ಥಾನ. ಅದಕ್ಕೆ ಕಾರಣ, ದಿನವೂ ನೋಡುವ ಅಪಾಯ ನಮ್ಮ ಕಣ್ಣಿಗೆ ಅಪಾಯವಾಗಿ ಕಾಣುವುದಿಲ್ಲ. ಅದು ಕಾಣಬೇಕಾದರೆ ಹೊಸಬರ ಕಣ್ಣು ಬೇಕು. ಅವರಿಗೋ ಅದರ ಅರಿವಿರುವುದಿಲ್ಲ. ಈ ನಡುವಿನ ಅಂತರವನ್ನು ತುಂಬಬೇಕಾದವನು ಮನೆಯ ಯಜಮಾನ.

ಇನ್ನೊಂದು ಮಾತನ್ನೂ ಹೇಳಬೇಕು. ಎಚ್ಚರಿಕೆ ಹೇಳುವುದು ಬೇರೆ, ಬಾಗಿಲು ಹಾಕುವುದು ಬೇರೆ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಓದಲು ಬಂದಿದ್ದ ಹೆಣ್ಣುಮಗಳೊಬ್ಬಳ ಮೇಲೆ ಘೋರ ಅತ್ಯಾಚಾರ ನಡೆದು ಇಡೀ ಮೈಸೂರು ತಲೆತಗ್ಗಿಸಿತು. ಅದರ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾನಿಲಯವು ಮಾನಸಗಂಗೋತ್ರಿಯಲ್ಲಿ ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. ಸುತ್ತೋಲೆ ಬರೆದವರ ಆತಂಕ ನನಗೆ ಅರ್ಥವಾಗುತ್ತದೆ. ನಾನೂ ಅಂಥ ‘ಬೇಡ’ಗಳನ್ನೇ ಬರೆಸಿದವನು. ಆದರೆ ಹೊಳೆಯ ಮಡುವನ್ನು ತುಂಬಲು ನಮ್ಮಿಂದಾಗದು, ಕತ್ತಲ ದಾರಿಗೆ ದೀಪ ಹಾಕಲು, ಗಸ್ತು ತಿರುಗಲು ಆಗುತ್ತದೆ. ಮನುಷ್ಯರಿಂದ ಬರುವ ಅಪಾಯವನ್ನು ಹೊಳೆಯಂತೆ ಪ್ರಕೃತಿಸಹಜವೆಂದು ಒಪ್ಪಿಕೊಂಡು ಹೆಣ್ಣುಮಕ್ಕಳನ್ನು ಒಳಗೆ ಕೂಡಿಸುವುದು ನ್ಯಾಯವಲ್ಲ. 2005ರಲ್ಲಿ ಮಗು ಕೇಳಿದ್ದ, “ಇಷ್ಟೊಂದು ಕೆಟ್ಟವರು ಇದ್ದಾರೆಯೇ” ಎಂಬ ಪ್ರಶ್ನೆಗೆ ನಕ್ಕು ಸುಮ್ಮನಾಗಿದ್ದು ನನ್ನ ಎರಡನೆಯ ತಪ್ಪು.

ಮಗು ಗಾಯ ಮಾಗಿದ ಮೇಲೆ ತನ್ನ ಅಭ್ಯಾಸ ಮುಗಿಸಿಕೊಂಡೇ ಊರಿಗೆ ಹಿಂತಿರುಗಿದಳು. ಆಕೆ ಹೋಗುವ ಮೊದಲು ನನ್ನ ಗೆಳೆಯನ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಪತ್ನಿಯೂ ಅಂದೇ ಮೊದಲ ಬಾರಿಗೆ ಪೂರ್ತಿ ಕೇಳಿದಳು. ಮಗು ಬಹಳ ಹೊತ್ತು ಮೌನವಾಗಿದ್ದು, “ಇದನ್ನು ಮೊದಲೇ ಹೇಳಿದ್ದರೆ ಬರೆದುಕೊಳ್ಳುತ್ತಿದ್ದೆ ಮೇಷ್ಟ್ರೇ” ಎಂದಳು. ಮಾತಿನಲ್ಲಿ ದೂರು ಇರಲಿಲ್ಲ.

ಆಮೇಲೆ ಮೇಲಿನ ಕೋಣೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದೆ. ಬಾಡಿಗೆದಾರರು ಬದಲಾದಂತೆ ಹಾಳೆಯೂ ಬದಲಾಗಿದೆ. ಈಗ ಅದರಲ್ಲಿ ತುರ್ತಿಗೆ 112, ಆಂಬುಲೆನ್ಸಿಗೆ 108, ಪ್ರವಾಸಿಗಳಿಗೆ ಹಲವು ಭಾಷೆಗಳಲ್ಲಿ ಉತ್ತರಿಸುವ 1363, ಮೊಬೈಲಿನ ಹಣದ ವಂಚನೆಗೆ 1930, ನಮ್ಮ ಮನೆಯ ವಿಳಾಸ ಕನ್ನಡದಲ್ಲಿ, ಆಟೋದವರಿಗೆ ತೋರಿಸಲು. ಕನ್ನಡದ ನಾಲ್ಕು ಮಾತುಗಳೂ ಇವೆ: ‘ನಿಲ್ಲಿಸಿ’, ‘ಬೇಡ’, ‘ಸಹಾಯ ಮಾಡಿ’, ‘ಇಲ್ಲಿ ಆಳ ಎಷ್ಟು?’. ಕೊನೆಯದನ್ನು ನೋಡಿ ಹೊಸಬರು ನಗುತ್ತಾರೆ. ನಗಲಿ. ಹಾಳೆಯ ಮೊದಲ ಸಾಲು ಮಾತ್ರ ಇಷ್ಟು ವರ್ಷವೂ ಬದಲಾಗಿಲ್ಲ: ‘ಕಾವೇರಿಗೆ ಹೋಗುವ ಮುನ್ನ ಕೆಳಗೆ ಬಂದು ನನ್ನೊಂದಿಗೆ ಮಾತನಾಡಿ.’

ಕಳೆದ ವರ್ಷ ಉತ್ತರದ ರಾಜ್ಯವೊಂದರಿಂದ ತರಬೇತಿಗೆಂದು ಬಂದ ಹುಡುಗನೊಬ್ಬ ಮೇಲಿನ ಕೋಣೆಯಲ್ಲಿದ್ದ. ಒಂದು ಶನಿವಾರ ಬಂದು, “ಅಂಕಲ್, ನಾಳೆ ಗೆಳೆಯರ ಜೊತೆ ಬಲಮುರಿಗೆ ಹೋಗುತ್ತಿದ್ದೇನೆ. ಹಾಳೆಯಲ್ಲಿ ಮಾತನಾಡಿ ಎಂದು ಬರೆದಿದ್ದೀರಿ, ಅದಕ್ಕೆ ಬಂದೆ. ನನಗೆ ಚೆನ್ನಾಗಿ ಈಜು ಬರುತ್ತದೆ” ಎಂದ.

“ಕೂತ್ಕೋ ಮಗು” ಎಂದೆ. ಒಳಗಿನಿಂದ ಪತ್ನಿ ಎರಡು ಲೋಟ ಕಾಫಿ ತಂದಿಟ್ಟಳು. ನಾನು 1964ರ ಆ ಭಾನುವಾರದಿಂದ ಆರಂಭಿಸಿದೆ.